ಹೆತ್ತೂರಿನ ಕಡೆಗೆ ಮಾತಾಡಿಸಲು ಹೊರಟವರಿಗೆ

ಹೃದಯಾಘಾತದಲ್ಲಿ ಗಂಡನನ್ನು ಕಳೆದುಕೊಂಡ ಗೆಳತಿಯನ್ನು ಮಾತಾಡಿಸಲು ಬೆಂಗಳೂರಿನಿಂದ ಹೊರಟಿದ್ದೇನೆ, ಅವಳ ಊರು ಹೆತ್ತೂರಿನಿಂದ ಒಳಗೆ ಎಂದು ಬರೆದಿದ್ದೀರಿ. ಅಂದರೆ ನಮ್ಮ ಕಡೆಯೇ. ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ತುದಿ ಇದು. ಬಿಸಿಲೆ ಘಾಟಿ ಇಳಿದರೆ ಸುಬ್ರಹ್ಮಣ್ಯ, ಮಗ್ಗುಲಿಗೆ ಕೊಡಗು. ಹೀಗಾಗಿ ಒಂದೇ ಸಾವಿನ ಮನೆಯಲ್ಲಿ ಊರಿನವರು ತಿಥಿ ಯಾವತ್ತು ಎನ್ನುತ್ತಾರೆ, ಲಿಂಗಾಯತ ನೆರೆಯವರು ಶಿವಗಣಾರಾಧನೆ ಎನ್ನುತ್ತಾರೆ, ಘಟ್ಟದ ಕೆಳಗಿನಿಂದ ಬಂದ ತುಳುವರು ಬೊಜ್ಜ ಎನ್ನುತ್ತಾರೆ. ಗಾಬರಿಯಾಗಬೇಡಿ, ಎಲ್ಲರೂ ಕೇಳುತ್ತಿರುವುದು ಒಂದನ್ನೇ, ಉತ್ತರಕ್ರಿಯೆ ಯಾವತ್ತು ಎಂದು.

ಏನು ಹೇಳಲಿ ಎಂಬುದು ನಿಮ್ಮ ಚಿಂತೆ. ಸಾವಿನ ಮನೆಗೆ ಹೋಗುವುದನ್ನು ನಾವು ‘ಮಾತಾಡಿಸಿಕೊಂಡು ಬರುವುದು’ ಎನ್ನುತ್ತೇವೆ, ಆದರೆ ಹೋದವರು ಆಡುವ ಮಾತು ಬಹಳ ಕಡಿಮೆ. ಚಾಪೆಯ ಮೇಲೆ ಅವರ ಪಕ್ಕ ಕೂರುತ್ತೇವೆ, ಕೈ ಹಿಡಿದುಕೊಳ್ಳುತ್ತೇವೆ. ಹೊರಡುವಾಗ ‘ಬರುತ್ತೇನೆ’ ಎನ್ನಬಾರದು. ಸುಮ್ಮನೆ ಎದ್ದು ನಡೆಯಬೇಕು. ಬೆಂಗಳೂರಿನ ಕಣ್ಣಿಗೆ ಒರಟಾಗಿ ಕಂಡೀತು. ಇಲ್ಲಿ ಅದೇ ಮರ್ಯಾದೆ.

ಒಂದು ಪ್ರಶ್ನೆಯನ್ನು ಮಾತ್ರ ಬಾಯಿಗೆ ತರಬೇಡಿ: ‘ಎದೆನೋವು ಎಂದಾಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಬಾರದಿತ್ತೇ?’ 2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ರಾಜ್ಯಕ್ಕೆಲ್ಲ ಸುದ್ದಿಯಾದ ಮೇಲೆ ಇಲ್ಲಿ ಪ್ರತಿಯೊಬ್ಬ ನೆಂಟನೂ ಹೃದಯದ ವೈದ್ಯನಾಗಿದ್ದಾನೆ. ನನ್ನ ಚಿಕ್ಕಮ್ಮನ ಮಗಳ ಗಂಡ ತೀರಿಕೊಂಡಾಗ ಬಂದವರಲ್ಲಿ ಅರ್ಧ ಜನ ಇದನ್ನೇ ಕೇಳಿದರು. ಸಕಲೇಶಪುರದಿಂದ ಹಾಸನಕ್ಕೇ ನಲವತ್ತು ಕಿಲೋಮೀಟರ್. ಅದಕ್ಕೂ ಮೊದಲು ತೋಟದಿಂದ ಸಕಲೇಶಪುರ ಮುಟ್ಟಬೇಕು, ಅದೂ ರಾತ್ರಿ, ಮಳೆಯಲ್ಲಿ. ಅಕ್ಕ ಯಾರಿಗೂ ಉತ್ತರ ಕೊಡಲಿಲ್ಲ. ಮೂರನೆಯ ದಿನ ಹಿತ್ತಲಿನಲ್ಲಿ ನನಗೆ ಹೇಳಿದಳು: ‘ಗ್ಯಾಸ್ ಇರಬೇಕೆಂದು ಜೀರಿಗೆ ಕಷಾಯ ಮಾಡಿಕೊಟ್ಟೆ ಕಣೇ.’ ಅದೇ ಮಾತನ್ನು ಆಮೇಲೆ ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ. ‘ನಿನ್ನ ತಪ್ಪಲ್ಲ’ ಎಂದು ಮೊದಮೊದಲು ನಾನೂ ತಡೆಯುತ್ತಿದ್ದೆ. ತಡೆದಷ್ಟೂ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು. ಕೊನೆಗೆ, ಆ ಕಷಾಯವನ್ನು ಅವರು ಕುಡಿದರೇ ಎಂದು ಕೇಳಿದೆ. ‘ಪೂರ್ತಿ ಕುಡಿದರು, ಚೆನ್ನಾಗಿದೆ ಎಂದರು’ ಎಂದವಳು ಅವತ್ತು ಮೊದಲ ಸಲ ಜೋರಾಗಿ ಅತ್ತಳು.

ಊಟ ತೆಗೆದುಕೊಂಡು ಹೋಗುವ ಯೋಚನೆ ಬೇಡ. ಮೊದಲ ದಿನ ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರೇ ಅನ್ನ, ಸಾರು ತರುತ್ತಾರೆ. ಹನ್ನೊಂದನೇ ದಿನದವರೆಗೆ ಜನವೋ ಜನ. ಮಾರನೆಯ ದಿನ ಶಾಮಿಯಾನ ಬಿಚ್ಚುತ್ತಾರೆ, ನೆಂಟರೆಲ್ಲ ಬಸ್ ಹತ್ತುತ್ತಾರೆ. ರಜೆ ಇರುವುದು ನಾಲ್ಕೇ ದಿನವಾದರೆ ಒಂದನ್ನು ಈಗ ಬಳಸಿ, ಮೂರನ್ನು ಆಗ ಇಟ್ಟುಕೊಳ್ಳಿ.

ಆಗ ಕೈತುಂಬ ಕೆಲಸವೂ ಇರುತ್ತದೆ. ಮರಣವನ್ನು 21 ದಿನದೊಳಗೆ ನೋಂದಾಯಿಸಿದ್ದಾರೆಯೇ ಎಂದು ವಿಚಾರಿಸಿ. ವಂಶವೃಕ್ಷಕ್ಕೆ ನಾಡಕಚೇರಿ, ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಇನ್ನೊಂದಷ್ಟು ಓಡಾಟ. ಜೊತೆಗೆ ಹೋಗಿ ಬೆಂಚಿನ ಮೇಲೆ ಕೂರಲು ಒಬ್ಬರು ಬೇಕು. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆಯದ್ದಿರಬಹುದು, ಎರಡು ಲಕ್ಷ ಬರುತ್ತದೆ. ಎಷ್ಟೋ ಮನೆಗಳಲ್ಲಿ ಹೆಂಡತಿಗೆ ಅದು ಗೊತ್ತೇ ಇರುವುದಿಲ್ಲ. ಇನ್ನೊಂದು ಮಾತು. ತಿಥಿಯ ಊಟ ಮುಗಿಯುತ್ತಿದ್ದಂತೆ ತೋಟದ ವಿಷಯ ಎತ್ತುವ ಹಿರಿಯರು ನಮ್ಮಲ್ಲಿ ಉಂಟು. ಉಯಿಲು ಇಲ್ಲದಿದ್ದರೆ ಗಂಡನ ಸ್ವಂತ ಆಸ್ತಿಯಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ಮಕ್ಕಳು, ಗಂಡನ ತಾಯಿ ಎಲ್ಲರಿಗೂ ಸಮಪಾಲು. ನೀವು ಹೊರಗಿನವರು, ಜಗಳಕ್ಕೆ ಇಳಿಯಬೇಡಿ. ಓದಿ ನೋಡದೆ ಯಾವ ಕಾಗದಕ್ಕೂ ಸಹಿ ಹಾಕಬೇಡ ಎಂದು ಗೆಳತಿಯ ಕಿವಿಯಲ್ಲಿ ಹೇಳಿದರೆ ಸಾಕು.

ಆಮೇಲೆ ಜನವರಿಯಲ್ಲಿ ಒಮ್ಮೆ ಬನ್ನಿ. ರೊಬಸ್ಟಾ ಕೊಯ್ಲು ನಡೆಯುತ್ತಿರುತ್ತದೆ. ಆಳುಗಳ ಲೆಕ್ಕ, ಕಣದಲ್ಲಿ ಹರಡಿದ ಕಾಫಿ ಎಲ್ಲವೂ ನಿಮ್ಮ ಗೆಳತಿಯೊಬ್ಬಳ ತಲೆಯ ಮೇಲೆ. ಕಾಫಿ ಕೆದಕುವುದು ನಿಮಗೆ ಬಾರದಿದ್ದರೂ ಚೀಲದ ಲೆಕ್ಕ ಬರೆಯಬಹುದು. ಆ ಸಲ ಹೊರಡುವಾಗ ಬಾಗಿಲಲ್ಲಿ ನಿಂತು ‘ಬರುತ್ತೇನೆ’ ಎಂದು ಹೇಳಬಹುದು.