ಬಸ್ಸು 'ಬಂದಳು' ಎಂದರೆ ತಪ್ಪೇಕೆ?

ಪ್ರಶ್ನೆ: ಹಿಂದಿ ಮಾತಿನ ಸಹೋದ್ಯೋಗಿಗಳಿಗೆ ಕನ್ನಡ ಕಲಿಸುತ್ತಿದ್ದೇನೆ. 'ಬಸ್ ಬಂದಳು', 'ಎರಡು ಅಕ್ಕಂದಿರು' ಎನ್ನುತ್ತಾರೆ. ತಿದ್ದಲು ಸುಲಭದ ದಾರಿ ಇದೆಯೇ?

ಉತ್ತರ: ಹಿಂದಿಯಲ್ಲಿ ಬಸ್ಸು ಸ್ತ್ರೀಲಿಂಗ, ಟ್ರಕ್ಕು ಪುಲ್ಲಿಂಗ, ಬಾಯಿಪಾಠವೇ ಗತಿ. ಕನ್ನಡ ಮೊದಲು ಕೇಳುವುದು ಒಂದೇ: ಮನುಷ್ಯರೋ, ಅಲ್ಲವೋ?

ಎಣಿಕೆಯಿಂದ ಶುರುಮಾಡಿ. ಎರಡು ಬಸ್ಸು, ಎರಡು ಹಸು. ಆದರೆ ಇಬ್ಬರು ಅಕ್ಕಂದಿರು. ಮೂವರು, ನಾಲ್ವರು, ಐವರು ಕಲಿಸಿದರೆ ಸಾಕು, ಮುಂದೆ 'ಆರು ಜನ' ಎಂದು ದಾಟಿಕೊಳ್ಳಬಹುದು.

ಆಮೇಲೆ 'ಕ್ಕೆ' ಹಚ್ಚಿ ನೋಡಲಿ. ಮರಕ್ಕೆ, ಪುಸ್ತಕಕ್ಕೆ ಸರಿ. 'ಹುಡುಗಕ್ಕೆ' ಆಗದು, ಹುಡುಗನಿಗೆ ಆಗಬೇಕು. ಸೂರ್ಯ, ಚಂದ್ರರೂ ಹುಡುಗನ ಸಾಲಿನವರೇ: ಸೂರ್ಯನಿಗೆ, ಸೂರ್ಯ ಮುಳುಗಿದ. (ಅದನ್ನೇ 'ಹೊತ್ತು' ಎಂದರೆ ಮುಳುಗಿತು!) ಅಕಾರದಲ್ಲಿ ಮುಗಿಯುವ ಪದಗಳಿಗಷ್ಟೇ ಈ ಪರೀಕ್ಷೆ. ತಾಯಿಗೆ, ನಾಯಿಗೆ ಎಂಬಲ್ಲಿ ಇದರಿಂದ ಏನೂ ತಿಳಿಯದು.

ಕೈಕೊಡುವವು ಮಂಗ, ಕೋಣ. 'ಮಂಗನ ಕೈಯಲ್ಲಿ ಮಾಣಿಕ್ಯ', 'ಕೋಣನ ಮುಂದೆ ಕಿನ್ನರಿ': ವಿಭಕ್ತಿಯಲ್ಲಿ ಇವಕ್ಕೆ ಮನುಷ್ಯರ ಮರ್ಯಾದೆ. ಕ್ರಿಯಾಪದಕ್ಕೆ ಬಂದೊಡನೆ 'ಮಂಗ ಬಂತು', ಬಹುವಚನದಲ್ಲಿ 'ಮಂಗಗಳು ಬಂದವು'. ಅಂದರೆ ಒಂದೇ ಪದ ಎರಡು ಗುಂಪಿನಲ್ಲಿದೆ. ಹಾಗಾಗಿ ಗುಂಪು ತೀರ್ಮಾನಿಸುವಾಗ ಕ್ರಿಯಾಪದವನ್ನೇ ನಂಬಿ. ಅಲ್ಲೂ ಮಗುವಿನದೊಂದು ತಕರಾರು: ಒಂದಿದ್ದರೆ 'ಅಳುತ್ತಿದೆ', ಇಬ್ಬರಾದರೆ 'ಅಳುತ್ತಿದ್ದಾರೆ'. ಇದನ್ನು ಹಾಗೆಯೇ ಕಲಿಯಲಿ.

ಪ್ರಶ್ನೆ: ಹವ್ಯಕರ ಮನೆಗಳಲ್ಲಿ 'ಅಕ್ಕ ಬಂತು' ಎನ್ನುವುದನ್ನು ಕೇಳಿದೆ. ಹೆಂಗಸರಿಗೆ ಇದು ಅಗೌರವವಲ್ಲವೇ?

ಉತ್ತರ: ಅಲ್ಲ. ಅಲ್ಲಿ ಗೆರೆ ಬಿದ್ದಿರುವ ಜಾಗವೇ ಬೇರೆ: ಒಂದು ಕಡೆ ಗಂಡಸರು, ಇನ್ನೊಂದು ಕಡೆ ಉಳಿದದ್ದೆಲ್ಲ. ತೆಲುಗಿನ ಏಕವಚನದಲ್ಲೂ ಹೀಗೆಯೇ. ಗಂಡಸು 'ವಚ್ಚಾಡು', ಹೆಂಗಸೂ 'ವಚ್ಚಿಂದಿ', ಹಸುವೂ 'ವಚ್ಚಿಂದಿ'. ಆದರೆ ಬಹುವಚನದಲ್ಲಿ ಹೆಂಗಸರು ಗಂಡಸರ ಜೊತೆ ಸೇರಿ 'ವಚ್ಚಾರು' ಆಗುತ್ತಾರೆ, ಹಸುಗಳು ಮಾತ್ರ 'ವಚ್ಚಾಯಿ'. ಮೈಸೂರಿನಲ್ಲಿ ದೊಡ್ಡವರನ್ನು 'ಅದು ಬಂತು' ಎಂದರೆ ಬೈಗುಳವೇ. ಆ ಕಿವಿಯಿಂದ ಹವ್ಯಕರ ಮಾತನ್ನು ಕೇಳಿದ್ದರಿಂದ ನಿಮಗೆ ಹಾಗನ್ನಿಸಿದೆ.