ಬಾಡಿಗೆ ಮನೆಯಲ್ಲಿದ್ದರೆ ನಿರಾಶ್ರಿತರಲ್ಲವೇ?

ಪ್ರಶ್ನೆ: ಅಕ್ಕಾ, ನಮ್ಮ ವಠಾರಕ್ಕೆ ಮಣಿಪುರದ ಒಂದು ಸಂಸಾರ ಬಾಡಿಗೆಗೆ ಬಂದಿದೆ. 2023ರ ಗಲಭೆಯಲ್ಲಿ ಮನೆ ಸುಟ್ಟುಹೋಯಿತಂತೆ. ಗಂಡ ಹೋಟೆಲ್ ಕೆಲಸಕ್ಕೆ ಹೋಗುತ್ತಾರೆ. ಹತ್ತು ವರ್ಷದ ಮಗಳನ್ನು ಶಾಲೆಗೆ ಸೇರಿಸಲು ಹೋದರೆ ಟಿ.ಸಿ. ಇಲ್ಲ ಅಂತ ವಾಪಸ್ ಕಳಿಸಿದ್ದಾರೆ. ಕ್ಯಾಂಪಿನಲ್ಲಿ ಇರುವವರು ಮಾತ್ರ ನಿರಾಶ್ರಿತರು, ಇವರು ಕೆಲಸ ಹುಡುಕಿಕೊಂಡು ಬಂದವರು ಅಂತಾರೆ ಪಕ್ಕದ ಮನೆಯವರು. ನಿಜವಾ?
– ಓದುಗಿ, ಶಿವಮೊಗ್ಗ

ಉತ್ತರ: ನಿಜ ಅಲ್ಲ ತಂಗಿ. ವಿಶ್ವಸಂಸ್ಥೆ 1998ರಲ್ಲಿ ಇಂಥವರಿಗಾಗಿಯೇ ಮಾರ್ಗದರ್ಶಿ ಸೂತ್ರಗಳನ್ನು ತಂದಿದೆ. ಹಿಂಸೆಗೋ ಪ್ರವಾಹಕ್ಕೋ ಹೆದರಿ ಮನೆ ಬಿಟ್ಟು, ದೇಶದ ಗಡಿ ದಾಟದೆ ಒಳಗೇ ಬೇರೆ ಕಡೆ ಇರುವವರೆಲ್ಲ ಅದರಲ್ಲಿ ಬರುತ್ತಾರೆ, ಕ್ಯಾಂಪಿನಲ್ಲೇ ಇರಬೇಕು ಅನ್ನುವ ಷರತ್ತು ಅಲ್ಲಿಲ್ಲ. ಆದರೆ ಅದು ಕಾನೂನಲ್ಲ. ನಮ್ಮ ದೇಶದಲ್ಲಿ ಇವರಿಗೆಂದೇ ಬೇರೆ ಕಾನೂನೂ ಇಲ್ಲ. ಹಾಗಾಗಿ ಬಾಡಿಗೆ ಕಟ್ಟಿಕೊಂಡು ಸುಮ್ನೆ ಇರುವವರು ಯಾರ ಕಣ್ಣಿಗೂ ಬೀಳುವುದಿಲ್ಲ. ಬಾಡಿಗೆ ಕಟ್ಟುತ್ತಾರೆ ಅಂದ ಮಾತ್ರಕ್ಕೆ ಅನುಕೂಲಸ್ಥರು ಅಂತಲ್ಲ, ಕೈಯಲ್ಲಿದ್ದದ್ದು ಕರಗುವುದೇ ಆ ಬಾಡಿಗೆಯಲ್ಲಿ.

ಇದು ನಮ್ಮ ಜಿಲ್ಲೆಯವರಿಗೆ ಅರ್ಥವಾಗದ ವಿಷಯ ಅಲ್ಲ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದರ ಹಿನ್ನೀರಿನಲ್ಲಿ ಊರು ಕಳೆದುಕೊಂಡ ಶರಾವತಿ ಮುಳುಗಡೆಯವರಲ್ಲಿ ಎಷ್ಟೋ ಮನೆಗಳು ಇವತ್ತಿಗೂ ಉಳುವ ಜಮೀನಿನ ಹಕ್ಕುಪತ್ರಕ್ಕೆ ಅಲೆಯುತ್ತಿವೆ. ಹೊಸ ಊರಲ್ಲಿ ಬೇರು ಬಿಟ್ಟರು ಅಂದಕೂಡಲೇ ಅವರ ನಷ್ಟ ತೀರಿತು ಅಂದುಕೊಳ್ಳುವುದು ದೊಡ್ಡ ಅನ್ಯಾಯ.

ಮೊದಲು ಮಗುವಿನ ವಿಷಯ ನೋಡಿ, ಅದು ಕಾಯುವಂಥದ್ದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಟಿ.ಸಿ. ತಡವಾಯಿತು ಅಂತ ಸರ್ಕಾರಿ ಅಥವಾ ಅನುದಾನಿತ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲ ಅಂತಲೂ ತಡೆಯುವಂತಿಲ್ಲ. ಮತ್ತೆ ಇಲ್ಲ ಅಂದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಲಿಖಿತ ದೂರು ಕೊಡಿ, ಬಾಯಿಮಾತು ಬೇಡ.

ಅವರ ಹತ್ತಿರ ಊರಿನ ಬಿಪಿಎಲ್ ಅಥವಾ ಅಂತ್ಯೋದಯ ಕಾರ್ಡ್ ಇದೆಯಾ ಕೇಳಿ. 'ಒಂದು ದೇಶ ಒಂದು ಪಡಿತರ ಚೀಟಿ' ಯೋಜನೆ ಇರುವುದರಿಂದ ಕಾರ್ಡಿಗೆ ಆಧಾರ್ ಜೋಡಿಸಿದ್ದರೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳಚ್ಚು ಕೊಟ್ಟು ಅಕ್ಕಿ ಪಡೆಯಬಹುದು.

ಸುಟ್ಟ ಮನೆಯ ಪರಿಹಾರ, ಕಳೆದ ಕಾಗದಪತ್ರ ಇವಕ್ಕೆಲ್ಲ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕರೆದುಕೊಂಡು ಹೋಗಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಜನಾಂಗೀಯ ಹಿಂಸೆಗೆ ಸಿಕ್ಕವರಿಗೆ ಉಚಿತ ವಕೀಲರು ಸಿಗುತ್ತಾರೆ, ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಇನ್ನೊಂದು ಕೆಲಸ ನಿಮ್ಮಿಂದಲೇ ಆಗಬೇಕು. ಮನೆ ಓನರ್ ಹತ್ತಿರ ಅವರಿಗೆ ಬಾಡಿಗೆ ಕರಾರು ಪತ್ರ ಮಾಡಿಸಿಕೊಡಿ. ಆಧಾರ್ ವಿಳಾಸ ಬದಲಿಸಲು ಅದು ಬೇಕಾಗುತ್ತದೆ. ಭಾಷೆ ಬಾರದ ಹೊಸಬರು ಕೇಳಿದರೆ ನಾಳೆ ಬನ್ನಿ ಅಂದುಬಿಡುತ್ತಾರೆ, ಹಳೇ ಬಾಡಿಗೆದಾರರಾದ ನೀವು ಜೊತೆಗೆ ನಿಂತರೆ ಹಾಗೆ ಅನ್ನುವುದು ಕಷ್ಟ, ಅಲ್ವಾ?