ಪ್ರತಿಕ್ರಿಯೆ: ಕೆಂಟಕಿಯಿಂದಲೇ ಇಷ್ಟೊಂದು ಎನ್‌ಬಿಎ ಆಟಗಾರರು ಯಾಕೆ?

ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದಿಂದ ಎನ್‌ಬಿಎಗೆ, ಅಂದರೆ ಅಲ್ಲಿನ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗಿಗೆ, ಇಷ್ಟೊಂದು ಆಟಗಾರರು ಹೋಗೋದಕ್ಕೆ ಅಲ್ಲಿನ ಕೋಚಿಂಗೇ ಕಾರಣವಾ ಅಂತ ಕೇಳಿದ್ದೀರಿ. ಅರ್ಧ ಮಾತ್ರ ಹೌದು.

2006ರಿಂದ ಅಮೆರಿಕದ ಹುಡುಗರು ಹೈಸ್ಕೂಲ್ ಮುಗಿಸಿದ ಕೂಡಲೇ ಎನ್‌ಬಿಎ ಡ್ರಾಫ್ಟ್‌ಗೆ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ಹೋಗುವ ಹಾಗಿಲ್ಲ. ಒಂದು ವರ್ಷ ಕಾಯಬೇಕು. ಆ ಒಂದು ವರ್ಷಕ್ಕೆ ನಮ್ಮಲ್ಲಿಗೇ ಬನ್ನಿ ಅಂತ 2009ರಲ್ಲಿ ಬಂದ ಕೋಚ್ ಜಾನ್ ಕ್ಯಾಲಿಪಾರಿ ಒಳ್ಳೊಳ್ಳೆಯ ಹುಡುಗರನ್ನೆಲ್ಲ ಸೆಳೆದುಕೊಂಡರು. 2010ರ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಕೆಂಟಕಿಯ ಐವರು ಆಯ್ಕೆಯಾದರು. 2012ರಲ್ಲಿ ಮೊದಲ ಎರಡೂ ಸ್ಥಾನ ಕೆಂಟಕಿಯವರದ್ದೇ: ಆಂಥನಿ ಡೇವಿಸ್, ಮೈಕಲ್ ಕಿಡ್-ಗಿಲ್‌ಕ್ರಿಸ್ಟ್. ಅಂಥವರು ಎಲ್ಲಿ ಓದಿದ್ದರೂ ಎನ್‌ಬಿಎಗೆ ಹೋಗುತ್ತಿದ್ದರು, ಅಲ್ವಾ?

ನನಗೆ ಜಾಸ್ತಿ ಇಷ್ಟವಾಗೋದು ಡೆವಿನ್ ಬುಕರ್ ಕಥೆ. 2014-15ರಲ್ಲಿ ತಂಡದಲ್ಲಿ ಎಷ್ಟು ಪ್ರತಿಭೆ ತುಂಬಿತ್ತೆಂದರೆ, ಶುರುವಿನಲ್ಲಿ ಐದೈದು ಜನರ ಎರಡು ಗುಂಪು ಮಾಡಿ, ಇಡೀ ಗುಂಪನ್ನೇ ಒಟ್ಟಿಗೆ ಬದಲಾಯಿಸುತ್ತಿದ್ದರು. ಬುಕರ್ ಎರಡನೇ ಗುಂಪು. ಇಡೀ ಸೀಸನ್ನಿನಲ್ಲಿ ಒಂದು ಪಂದ್ಯದಲ್ಲೂ ಶುರುವಿಗೇ ಕಣಕ್ಕಿಳಿಯುವ ಐವರಲ್ಲಿ ಇರಲಿಲ್ಲ! ಆದರೂ ಎನ್‌ಬಿಎ ಡ್ರಾಫ್ಟ್‌ನಲ್ಲಿ 13ನೆಯವನಾಗಿ ಆಯ್ಕೆಯಾದ. 2017ರಲ್ಲಿ ಬಾಸ್ಟನ್ ತಂಡದ ವಿರುದ್ಧ ಒಂದೇ ಎನ್‌ಬಿಎ ಪಂದ್ಯದಲ್ಲಿ 70 ಅಂಕ ಹೊಡೆದ. ದಿನಾ ಅಭ್ಯಾಸದಲ್ಲಿ ಎದುರಿಗೆ ಭಾವಿ ಎನ್‌ಬಿಎ ಆಟಗಾರರೇ ಇದ್ದರೆ ಆಟ ಹರಿತವಾಗದೆ ಇರುತ್ತಾ? ಕೆಂಟಕಿಯ ನಿಜವಾದ ಪಾಲು ಇದು ಅಂತ ನನ್ನ ಲೆಕ್ಕ.

ಅಂದ ಹಾಗೆ, ಇಷ್ಟೆಲ್ಲ ಪ್ರತಿಭೆ ಇದ್ದೂ ಕ್ಯಾಲಿಪಾರಿ ಅಲ್ಲಿ ಗೆದ್ದ ರಾಷ್ಟ್ರೀಯ ಕಾಲೇಜು ಚಾಂಪಿಯನ್ ಪಟ್ಟ ಒಂದೇ, 2012ರದ್ದು.